ಚಾರ್ಮಾಡಿಯ ತಿರುವುಗಳಲ್ಲಿ ಕಾಣೆಯಾಗುತ್ತಿದ್ದ ಚುಕ್ಕೆಗಳು

ಕೊಟ್ಟಿಗೆಹಾರದಲ್ಲಿ ಒಂದು ಚುಕ್ಕೆ, ಘಾಟಿ ಇಳಿದು ಚಾರ್ಮಾಡಿ ಮುಟ್ಟಿದ ಮೇಲೆ ಇನ್ನೊಂದು. ನಡುವಿನ ಅಷ್ಟೂ ದಾರಿ ನಕಾಶೆಯಲ್ಲಿ ಖಾಲಿ. ವಾಹನ ಎಲ್ಲಿದೆ ಎಂದು ರೇಡಿಯೊ ಮೂಲಕ ತಿಳಿಸುತ್ತಾ ಹೋಗುವ ನನ್ನ ಕಾರಿನ ಎಪಿಆರ್‌ಎಸ್ ಟ್ರ್ಯಾಕರ್ ಮೊದಲ ಸಲ ಘಾಟಿ ಇಳಿದಾಗ, ಉಜಿರೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರಿಗೆ ಕಂಡದ್ದು ಇಷ್ಟೇ. 2019ರ ಆಗಸ್ಟ್ ಮಳೆಯಲ್ಲಿ ಇದೇ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಅಂಥ ದಿನ ಮೊಬೈಲ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ಯಾರ ವಾಹನ ಸಿಕ್ಕಿಕೊಂಡಿದೆ ಎಂದು ತಿಳಿಸಲಾಗದಿದ್ದರೆ ನಮ್ಮ ರೇಡಿಯೊ ಇದ್ದು ಏನು ಫಲ?

ಅಮೆರಿಕದ ಬಾಬ್ ಬ್ರುನಿಂಗಾ ರೂಪಿಸಿದ ಈ ಎಪಿಆರ್‌ಎಸ್ ಪದ್ಧತಿಯಲ್ಲಿ ಜಿಪಿಎಸ್ ಹೇಳುವ ಸ್ಥಾನ ಪ್ಯಾಕೆಟ್ ಎಂಬ ಪುಟ್ಟ ಮಾಹಿತಿಯ ಕಟ್ಟಾಗಿ, ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಹೊರಡುತ್ತದೆ. ದಾರಿಯಲ್ಲಿರುವ ಡಿಜಿಪೀಟರ್ ಅದನ್ನು ಕೇಳಿಸಿಕೊಂಡು ಮತ್ತೆ ಪ್ರಸಾರ ಮಾಡುತ್ತದೆ. ಮಾತಾದರೆ ಅರ್ಧ ಕೇಳಿದರೂ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಇಲ್ಲಿ ಒಂದು ಬಿಟ್ ಕೆಟ್ಟರೆ ಇಡೀ ಪ್ಯಾಕೆಟ್ ಹೋದಂತೆ.

ಮೊದಲು ಆಂಟೆನಾ ಸರಿಮಾಡಿದೆ. ಕಾರಿನೊಳಗಿದ್ದ ಕೈಸೆಟ್ಟಿನ ಗಿಡ್ಡ ರಬ್ಬರ್ ಆಂಟೆನಾ ತೆಗೆದು, ಛಾವಣಿಯ ನಟ್ಟನಡುವೆ ಅರ್ಧ ಮೀಟರ್ ಉದ್ದದ, ಅಂದರೆ ತರಂಗದ ಉದ್ದದ ಕಾಲು ಭಾಗದಷ್ಟಿರುವ ಕಡ್ಡಿಯನ್ನು ಆಯಸ್ಕಾಂತದ ಪೀಠದ ಮೇಲೆ ನಿಲ್ಲಿಸಿದೆ. ಜಿಪಿಎಸ್ ಆಂಟೆನಾವನ್ನೂ ಡ್ಯಾಶ್‌ಬೋರ್ಡಿನಿಂದ ಛಾವಣಿಗೆ ಏರಿಸಿದೆ. ಒಂದು ಪಕ್ಕ ಬಂಡೆಯ ಗೋಡೆ ಇರುವ ರಸ್ತೆಯಲ್ಲಿ ಅರ್ಧ ಆಕಾಶ ಮೊದಲೇ ಮರೆಯಾಗಿರುತ್ತದೆ. ಉಳಿದರ್ಧಕ್ಕೂ ಕಾರಿನ ತಗಡು ಅಡ್ಡ ಬಂದರೆ ಟ್ರ್ಯಾಕರ್ ಹಳೆಯ ಸ್ಥಾನವನ್ನೇ ಹೇಳುತ್ತಾ ಹೋಗುತ್ತದೆ.

ಆಮೇಲೆ ಡಿಜಿಪೀಟರ್. ಇಲ್ಲಿ ನಾನು ಎಡವಿದೆ. ಎತ್ತರವಿದ್ದಷ್ಟೂ ಒಳ್ಳೆಯದೆಂದು ಘಾಟಿಯ ನೆತ್ತಿಯ ಮೇಲೆ ಪರಿಚಿತರೊಬ್ಬರ ಕಾಫಿ ತೋಟದಲ್ಲಿ ಅದನ್ನು ಹೂಡಿದೆ. ಮೂಡಿಗೆರೆಯ ಕಡೆಯಿಂದ ಬರುವವರೆಲ್ಲ ಸ್ಪಷ್ಟವಾಗಿ ಕೇಳಿಸಿದರು. ಕಾರು ಘಾಟಿಗೆ ಇಳಿದ ಕೂಡಲೇ ಮೌನ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ರೇಡಿಯೊ ಅಲೆಗೂ ಸಲ್ಲುತ್ತದೆ. ಬೆಟ್ಟದ ಅಂಚೇ ತನ್ನ ಕೆಳಗಿನ ಇಳಿಜಾರಿಗೆ ಮರೆಯಾಗಿತ್ತು.

ಒಂದು ಸಂಜೆ ಉಜಿರೆಯ ಗೆಳೆಯರ ತಾರಸಿಯಲ್ಲಿ ನಿಂತು ಪೂರ್ವಕ್ಕೆ ನೋಡಿದಾಗ ಉತ್ತರ ಕಣ್ಣೆದುರೇ ಇತ್ತು. ಕೆಳಗಿನಿಂದ ಕಂಡರೆ ಘಟ್ಟ ಒಂದು ದೊಡ್ಡ ಗೋಡೆ, ರಸ್ತೆ ಆ ಗೋಡೆಯ ಮೇಲೆಯೇ ಇಳಿದು ಬರುತ್ತದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಬಯಲಿನಲ್ಲಿರಬೇಕು. ಅದೇ ತಾರಸಿಯಲ್ಲಿ ಒಂದೇ ದಿಕ್ಕಿಗೆ ಕಿವಿಗೊಡುವ, ಮೂರು ಕಡ್ಡಿಯ ಯಾಗಿ ಆಂಟೆನಾವನ್ನು ಲಂಬವಾಗಿ ಕಟ್ಟಿ ಘಟ್ಟದತ್ತ ತಿರುಗಿಸಿದೆವು. ಕೆಳಗೆ ಒಂದು ಹಳೆಯ ರೇಡಿಯೊ ಸೆಟ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಸೆಟ್ಟಿನ ಧ್ವನಿಯಿಂದ ಪ್ಯಾಕೆಟ್ ಓದುವ ಡೈರ್ ವುಲ್ಫ್ ತಂತ್ರಾಂಶ. ಮರುವಾರ ನಡುವಿನ ಖಾಲಿಯಲ್ಲಿ ಚುಕ್ಕೆಗಳು ಮೂಡಿದವು.

ಆದರೂ ವಿರಳ. ಕಾರಣ ಹುಡುಕಲು ಕಾಗದ ಹಿಡಿದು ಕುಳಿತೆ. ಈ ತರಂಗದ ಉದ್ದ ಸುಮಾರು ಎರಡು ಮೀಟರ್. ಬಂಡೆಗೆ ಬಡಿದು ಬಂದ ಅಲೆ ನೇರವಾಗಿ ಬಂದ ಅಲೆಯೊಡನೆ ಸೇರಿದಾಗ, ಹೆಚ್ಚುಕಡಿಮೆ ಮೀಟರಿಗೊಮ್ಮೆ ಸಿಗ್ನಲ್ ಕುಸಿಯಬಹುದು. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು. ಉದ್ದನೆಯ ಟಿಪ್ಪಣಿ ಹೊತ್ತ ನನ್ನ ಪ್ಯಾಕೆಟ್ಟಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಬೇಕಿತ್ತು. ಅಂದರೆ ಒಂದೊಂದು ಪ್ಯಾಕೆಟ್ ನಾಲ್ಕೈದು ಕುಸಿತಗಳನ್ನು ದಾಟಿ ಉಳಿಯಬೇಕು! ಟಿಪ್ಪಣಿ ಕಿತ್ತುಹಾಕಿ, ಸ್ಥಾನವನ್ನು ಒತ್ತಿ ಚಿಕ್ಕದಾಗಿಸುವ ಮೈಕ್-ಇ ರೂಪಕ್ಕೆ ಬದಲಾಯಿಸಿದೆ. ಅವಧಿ ಅರ್ಧಕ್ಕಿಳಿಯಿತು. ನಾನು ಮಾಡಿದ ಬದಲಾವಣೆಗಳಲ್ಲಿ ಖರ್ಚಿಲ್ಲದೆ ಇಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ. ಪ್ಯಾಕೆಟ್ಟನ್ನು ಸ್ವರಗಳಾಗಿ ಹೊತ್ತು ಟ್ರ್ಯಾಕರಿನಿಂದ ಸೆಟ್ಟಿಗೆ ಹೋಗುವ ಧ್ವನಿಯ ಮಟ್ಟವನ್ನೂ ತಗ್ಗಿಸಿದೆ. ಜೋರಾದಷ್ಟೂ ಸ್ವರ ಒಡೆಯುತ್ತದೆ.

ಕೊನೆಗೆ ಉಳಿದದ್ದು ಸಮಯದ ಪ್ರಶ್ನೆ. ಟ್ರ್ಯಾಕರಿನ ಸ್ಮಾರ್ಟ್ ಬೀಕನಿಂಗ್ ದಿಕ್ಕು ಬದಲಾದಾಗಲೆಲ್ಲ ಪ್ಯಾಕೆಟ್ ಕಳಿಸುತ್ತದೆ. ಬಯಲು ಸೀಮೆಯಲ್ಲಿ ಅದು ಬಹಳ ಚೆನ್ನ. ಘಾಟಿಯಲ್ಲಿ ಹೇರ್‌ಪಿನ್ ತಿರುವಿಗೊಂದರಂತೆ, ಅದೂ ಕಾರು ಕೊರಕಲಿನ ಒಳಗೆ ಬಂಡೆಗೆ ಆತುಕೊಂಡಿರುವಾಗ ಕಳಿಸಿಬಿಡುತ್ತಿತ್ತು. ಅದನ್ನು ನಿಲ್ಲಿಸಿ ನಿಮಿಷಕ್ಕೊಂದು ಎಂದು ಗೊತ್ತುಮಾಡಿದೆ. ಜೊತೆಗೆ, ಒಂದು ಭಾನುವಾರ ಬೆಳಿಗ್ಗೆ ಘಾಟಿಯುದ್ದಕ್ಕೂ ಅಲ್ಲಲ್ಲಿ ನಿಂತು ಉಜಿರೆಗೆ ಪ್ಯಾಕೆಟ್ ಕಳಿಸಿ ನೋಡಿದೆ. ರಸ್ತೆ ಬೆಟ್ಟದ ಮೂಗನ್ನು ಸುತ್ತಿ ಪಡುವಣಕ್ಕೆ ತೆರೆದುಕೊಳ್ಳುವ ಕಡೆಗಳಲ್ಲಿ ಪ್ರತಿ ಪ್ಯಾಕೆಟ್ಟೂ ಮುಟ್ಟಿತು. ಅಂಥ ಒಂಬತ್ತು ಜಾಗಗಳನ್ನು ಟ್ರ್ಯಾಕರಿನಲ್ಲಿ ಬರೆದಿಟ್ಟೆ. ಅವುಗಳಿಂದ 30 ಮೀಟರ್ ಒಳಗೆ ಬಂದ ಕೂಡಲೇ, ಗಡಿಯಾರ ಏನೇ ಹೇಳಲಿ, ಅದು ಒಂದು ಪ್ಯಾಕೆಟ್ ಕಳಿಸುತ್ತದೆ.

ಮೊನ್ನೆ ಮಂಜಿನಲ್ಲಿ ಮೆಲ್ಲನೆ ಇಳಿಯುತ್ತಿದ್ದಾಗ ರೇಡಿಯೊದಲ್ಲಿ ಗೆಳೆಯರ ದನಿ: “ಅಣ್ಣಪ್ಪ ಸ್ವಾಮಿ ಗುಡಿ ದಾಟಿದಿರಲ್ಲ, ಇಲ್ಲಿ ಕಾಣಿಸುತ್ತಿದೆ. ಊಟಕ್ಕೆ ಎಲೆ ಹಾಕಿಸಲೇ?” ಗುಡಿ ಹಿಂದೆ ಸರಿದು ಇನ್ನೂ ಒಂದು ತಿರುವೂ ಆಗಿರಲಿಲ್ಲ.

ಗುಡಿಯ ಮೇಲಿನ ಒಂದು ಆಳವಾದ ಕೊರಕಲು ಮಾತ್ರ ಇನ್ನೂ ಕಿವುಡಾಗಿಯೇ ಇದೆ. ಅದಕ್ಕೆ ಎದುರಿನ ಇಳಿಜಾರಿನಲ್ಲಿ ಸೌರಫಲಕದಿಂದ ನಡೆಯುವ ಸಣ್ಣ ಡಿಜಿಪೀಟರ್ ಒಂದನ್ನು ಮುಂದಿನ ಮಳೆಗಾಲದೊಳಗೆ ಹೂಡಬೇಕು. ಪೆಟ್ಟಿಗೆ ಸಿದ್ಧವಾಗಿದೆ, ಜಾಗದ ಒಡೆಯರ ಒಪ್ಪಿಗೆ ಬರಬೇಕಿದೆ.