ಚೆನ್ನೆಮಣೆಯಿಂದ ಘಾನಾಕ್ಕೆ: ಪುಟ್ಟ ಮಕ್ಕಳಿಗೆ ಬೇರೆ ದೇಶಗಳ ಪರಿಚಯ ಮಾಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಮೂರನೇ ಕ್ಲಾಸಿನಲ್ಲಿ ‘ದೇಶ ವಿದೇಶ ದಿನ’ ಮಾಡಿಸಿದ್ದೆ. ಬಣ್ಣದ ಕಾಗದದ ಬಾವುಟಗಳು, ಜಪಾನಿನವಳು ಅಂತ ಒಬ್ಬಳಿಗೆ ಅಮ್ಮನ ಹಳೇ ಸೀರೆ ಸುತ್ತಿದ್ದು, ಕೊನೆಗೆ ಚಾಕಲೇಟು. ನಾಲ್ಕು ದಿನ ಬಿಟ್ಟು ಕೇಳಿದರೆ ಮಕ್ಕಳಿಗೆ ನೆನಪಿದ್ದದ್ದು ಚಾಕಲೇಟು ಮಾತ್ರ. ಅದು ಹೋಗಲಿ. ಆ ವರ್ಷ ಕ್ಲಾಸಿನಲ್ಲಿ ನೇಪಾಳದ ಹುಡುಗನೊಬ್ಬ ಇದ್ದ, ಅವನ ಅಪ್ಪ ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ವಾಚ್‌ಮನ್. ಎಲ್ಲರ ಎದುರು ಅವನನ್ನು ನಿಲ್ಲಿಸಿ ‘ನಿನ್ನ ಭಾಷೆಯಲ್ಲಿ ಏನಾದರೂ ಹೇಳು ಮಗಾ’ ಅಂದೆ. ಅವನು ನೆಲ ನೋಡುತ್ತಾ ನಿಂತ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಷ್ಟೋ ದಿನ ಹಾಜರಿ ಕರೆದಾಗ ‘ಎಸ್ ಟೀಚರ್’ ಅನ್ನುವುದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಬರಲಿಲ್ಲ. ತಪ್ಪು ನನ್ನದೇ. ಕ್ಲಾಸಿನಲ್ಲಿ ಉಳಿದವರ ಹಾಗೇ ಕೂತಿದ್ದ ಮಗುವನ್ನು ನಾನೇ ಎಬ್ಬಿಸಿ ಬೇರೆ ಮಾಡಿಬಿಟ್ಟಿದ್ದೆ.

ಅವತ್ತಿನಿಂದ ಕ್ರಮ ಬದಲಾಯಿಸಿದೆ. ದೇಶದ ಹೆಸರಿನಿಂದ ಪಾಠ ಶುರು ಮಾಡುವುದಿಲ್ಲ. ಮಕ್ಕಳ ಮನೆಯಲ್ಲೇ ಇರುವ ಒಂದು ವಸ್ತುವಿನಿಂದ ಶುರು ಮಾಡುತ್ತೇನೆ, ಆ ವಸ್ತುವಿನ ಅಣ್ಣತಮ್ಮಂದಿರು ಎಲ್ಲೆಲ್ಲಿ ಇದ್ದಾರೆ ಅಂತ ಹುಡುಕಿಸುತ್ತೇನೆ. ನಾನು ಮಾಡುವ ಹಾಗೆಯೇ ಹೇಳುತ್ತೇನೆ, ನಿಮ್ಮ ಶಾಲೆಗೆ ಬೇಕಾದ ಹಾಗೆ ತಿದ್ದಿಕೊಳ್ಳಿ.

ಮೊದಲು ನಮ್ಮ ಆಟ

ನಮ್ಮ ಕಡೆ ಶುರು ಮಾಡಲು ಚೆನ್ನೆಮಣೆಗಿಂತ ಒಳ್ಳೆಯದು ಇಲ್ಲ. ತುಳುವರ ಆಟಿ ತಿಂಗಳಲ್ಲಿ, ಹೊರಗೆ ಕಾಲಿಡಲು ಬಿಡದ ಮಳೆಯಲ್ಲಿ, ಅಟ್ಟದಿಂದ ಇಳಿಯುವ ಮಣೆ. ಸಾಲಿಗೆ 7ರಂತೆ 14 ಗುಳಿ, ಒಳಗೆ ಕೆಂಪು ಮಂಜೊಟ್ಟಿ ಬೀಜ. ಯಾರ ಮನೆಯಲ್ಲಿ ಉಂಟು ಅಂತ ಕೇಳಿ, ಒಂದಾದರೂ ಸಿಗುತ್ತದೆ. ಸಾಧ್ಯವಾದರೆ ಅಜ್ಜಿಯನ್ನೂ ಕರೆಸಿ. ಆಟ ಅವರೇ ಕಲಿಸಲಿ, ತುಳುವಿನಲ್ಲೇ ಕಲಿಸಲಿ. ಎರಡು ಮೂರು ದಿನ ಇದೊಂದೇ ಆಟ. ಅವಸರ ಬೇಡ, ಇದು ಕೈಗೆ ಹತ್ತದಿದ್ದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ.

ಆಮೇಲೆ ಅಂಗಡಿಯಿಂದ 30 ಮೊಟ್ಟೆಯ ಖಾಲಿ ಟ್ರೇ ತನ್ನಿ. ಅದರಲ್ಲಿ ಸಾಲಿಗೆ 6ರಂತೆ 5 ಸಾಲು ಇರುತ್ತದೆ. ಎರಡೆರಡು ಸಾಲು ಕತ್ತರಿಸಿದರೆ ಒಂದು ಟ್ರೇಯಲ್ಲಿ ಎರಡು ಮಣೆ ಆಯಿತು. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಆಡುವ ‘ಒವಾರೆ’ ಆಟಕ್ಕೆ ಬೇಕಾಗಿರುವುದು ಇಷ್ಟೇ, 12 ಗುಳಿ. ಪ್ರತಿ ಗುಳಿಗೆ 4 ಬೀಜ, ಒಟ್ಟು 48. ಹುಣಸೆ ಬೀಜ ಧಾರಾಳ ಸಾಕು. ಆಟ ಹೀಗೆ: ನಿಮ್ಮ ಸಾಲಿನ ಒಂದು ಗುಳಿಯ ಬೀಜ ಪೂರ್ತಿ ತೆಗೆದು, ಬಲಗಡೆಗೆ ಸಾಗುತ್ತಾ, ಗುಳಿಗೊಂದರಂತೆ ಹಾಕಿಕೊಂಡು ಸುತ್ತು ಬನ್ನಿ. ಕೊನೆಯ ಬೀಜ ಎದುರಿನವರ ಗುಳಿಗೆ ಬಿದ್ದು ಅಲ್ಲಿ 2 ಅಥವಾ 3 ಆದರೆ ಅವು ನಿಮ್ಮವು. 25 ಬೀಜ ಯಾರಿಗೆ ಮೊದಲು ಆಗುತ್ತದೋ ಅವರು ಗೆದ್ದರು. ಇನ್ನೂ ಸಣ್ಣಪುಟ್ಟ ನಿಯಮಗಳಿವೆ, ಎಂಟು ವರ್ಷದ ಮಕ್ಕಳಿಗೆ ಶುರುವಿನಲ್ಲಿ ಇಷ್ಟು ಸಾಕು.

ಮೊದಲ ಸಲ ಆಡಿಸಿದಾಗ ಒಬ್ಬಳು ಹುಡುಗಿ ಬೀಜ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನನ್ನನ್ನು ನೋಡಿದಳು. ‘ಟೀಚರ್, ಇದು ನಮ್ಮ ಚೆನ್ನೆಯಲ್ವಾ? ಅವರಿಗೆ ಯಾರು ಹೇಳಿಕೊಟ್ಟದ್ದು?’

ಆ ಪ್ರಶ್ನೆ ಬರುವವರೆಗೆ ಭೂಪಟ ತೆಗೆಯಬೇಡಿ. ಬಂದ ಕೂಡಲೇ ತೆಗೆಯಿರಿ.

ಆಮೇಲೆ ಭೂಪಟ ಮತ್ತು ನೂಲು

ಉಡುಪಿಗೆ ಒಂದು ಪಿನ್ನು ಚುಚ್ಚಿ ನೂಲು ಕಟ್ಟಿ. ಮಲ್ಪೆಯಲ್ಲಿ ನಿಂತು ನೋಡುತ್ತೇವಲ್ಲ, ಅದೇ ಸಮುದ್ರದ ಆಚೆ ದಡ ಆಫ್ರಿಕಾ. ಅದರ ಪೂರ್ವದ ಕಡೆ ಜಾಂಜಿಬಾರ್, ಅಲ್ಲಿ ಇದೇ ಜಾತಿಯ ಆಟಕ್ಕೆ ‘ಬಾವೊ’ ಅಂತ ಹೆಸರು, ನಾಲ್ಕು ಸಾಲಿನಲ್ಲಿ 32 ಗುಳಿ. ಖಂಡ ದಾಟಿ ಪಶ್ಚಿಮಕ್ಕೆ ಹೋದರೆ ಘಾನಾ. ನಮ್ಮಿಂದ ಪೂರ್ವಕ್ಕೆ ಹೋದರೆ ಫಿಲಿಪ್ಪೀನ್ಸ್, ಅಲ್ಲಿನ ‘ಸುಂಗ್ಕಾ’ದಲ್ಲಿ ನಮ್ಮ ಹಾಗೇ ಸಾಲಿಗೆ 7 ಗುಳಿ, ಗೆದ್ದ ಬೀಜ ಹಾಕಲು ಎರಡು ತುದಿಗೂ ಒಂದೊಂದು ದೊಡ್ಡ ಗುಳಿ ಜಾಸ್ತಿ. ಯಾರಿಂದ ಯಾರು ಕಲಿತರು ಅಂತ ಮಕ್ಕಳು ಜಗಳವಾಡುತ್ತಾರೆ. ಆಡಲಿ ಬಿಡಿ. ತೀರ್ಪು ಕೊಡಲು ಹೋಗಬೇಡಿ.

‘ಅಲ್ಲಿಗೆ ಬಸ್ ಉಂಟಾ ಟೀಚರ್’ ಅಂತ ಒಬ್ಬ ಕೇಳೇ ಕೇಳುತ್ತಾನೆ. ನಗಬೇಡಿ. ಈ ವಯಸ್ಸಿಗೆ ಕುಂದಾಪುರವೂ ದೂರ, ದುಬೈಯೂ ದೂರ. ಬಸ್ ಎಲ್ಲಿವರೆಗೆ ಹೋಗುತ್ತದೆ, ಹಡಗು ಎಲ್ಲಿಂದ ಬೇಕು ಅಂತ ನೂಲಿನ ಮೇಲೆ ಬೆರಳಿಟ್ಟು ತೋರಿಸಿ.

ಎಲೆಯಲ್ಲಿ ಬೇಯುವ ತಿಂಡಿ

ಅಷ್ಟಮಿ ಬಂದಾಗ ಎರಡನೇ ಪಾಠ. ಹಲಸಿನ ಎಲೆಯ ಕೊಟ್ಟೆ, ಕೇದಗೆ ಎಲೆಯ ಮೂಡೆ ಎಲ್ಲರಿಗೂ ಗೊತ್ತು. ಖಾಲಿ ಕೊಟ್ಟೆ ಒಂದನ್ನು ಕ್ಲಾಸಿಗೆ ತಂದು ಕಡ್ಡಿ ಎಲ್ಲಿ ಚುಚ್ಚಿದ್ದಾರೆ ಅಂತ ಬಿಡಿಸಿ ನೋಡಲು ಕೊಡಿ. ಇಂಡೋನೇಷ್ಯಾ ಮತ್ತು ಮಲೇಷ್ಯಾದಲ್ಲಿ ಎಳೆಯ ತೆಂಗಿನ ಗರಿಯನ್ನು ಹೆಣೆದು ಪೊಟ್ಟಣ ಮಾಡಿ, ಅದರಲ್ಲಿ ಅಕ್ಕಿ ತುಂಬಿ ಬೇಯಿಸುತ್ತಾರೆ. ಅದು ‘ಕೆತುಪಾತ್’, ಈದ್ ಹಬ್ಬಕ್ಕೆ ಬೇಕೇ ಬೇಕು. ಚೀನಾದಲ್ಲಿ ಬಿದಿರಿನ ಎಲೆಯಲ್ಲಿ ಅಂಟಕ್ಕಿ ಕಟ್ಟಿ ಬೇಯಿಸುವ ‘ಜೊಂಗ್‌ಜಿ’. ಮೆಕ್ಸಿಕೋದಲ್ಲಿ ಮುಸುಕಿನ ಜೋಳದ ತೆನೆಯ ಸಿಪ್ಪೆಯಲ್ಲಿ, ಕೆಲವು ಕಡೆ ನಮ್ಮ ಹಾಗೇ ಬಾಳೆ ಎಲೆಯಲ್ಲಿ, ‘ತಮಾಲೆ’. ಘಾನಾದ ‘ಕೆಂಕೆ’ಗೆ ಮುಸುಕಿನ ಜೋಳದ ಹಿಟ್ಟನ್ನು ಇಡ್ಲಿ ಹಿಟ್ಟಿನ ಹಾಗೆ ಹುಳಿ ಬರಿಸುತ್ತಾರೆ. ತೆಂಗಿನ ಗರಿ ನಮ್ಮ ಅಂಗಳದಲ್ಲೇ ಉಂಟಲ್ವಾ, ಹೆಣೆಯುವುದನ್ನು ಮಾಡಿಯೇ ನೋಡಲಿ. ಬೇಯಿಸಲು ಬಿಸಿಯೂಟದ ಅಕ್ಕನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಒಂದು ಎಚ್ಚರಿಕೆ: ಯಾರ ಮನೆಯಲ್ಲಿ ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಅಂತ ಕ್ಲಾಸಿನಲ್ಲಿ ಕೈ ಎತ್ತಿಸಲೇಬಾರದು.

ಗೋಡೆಗೆ ಮೂರು ಗಡಿಯಾರ

ರಟ್ಟಿನ ಗಡಿಯಾರ ಸಾಕು. ಒಂದು ನಮ್ಮದು. ಇನ್ನೊಂದು ದುಬೈಯದು, ಯಾಕೆಂದರೆ ಕ್ಲಾಸಿನಲ್ಲಿ ಯಾರದಾದರೂ ಅಪ್ಪನೋ ಮಾವನೋ ಗಲ್ಫಿನಲ್ಲಿ ಇದ್ದೇ ಇರುತ್ತಾರೆ. ಇಲ್ಲಿ ಬೆಳಿಗ್ಗೆ 10 ಗಂಟೆಯ ಬೆಲ್ ಹೊಡೆದಾಗ ಅಲ್ಲಿ 8:30. ಮೂರನೆಯದು ಜಪಾನಿನದು, ಅಲ್ಲಿ ಆಗಲೇ ಮಧ್ಯಾಹ್ನ 1:30, ಮಕ್ಕಳ ಊಟವೂ ಮುಗಿದಿರುತ್ತದೆ.

ಮೊದಲ ಸಲ ಇದನ್ನು ತೂಗುಹಾಕಿದ ದಿನ ಆ ನೇಪಾಳದ ಹುಡುಗ ನಾನು ಹತ್ತಿರ ಬರುವವರೆಗೆ ಕಾದು, ಮೆಲ್ಲಗೆ ಹೇಳಿದ: ‘ನಮ್ಮ ಊರಲ್ಲಿ ಹದಿನೈದು ನಿಮಿಷ ಮುಂದೆ ಟೀಚರ್.’ ಹೌದು, ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. ನಾಲ್ಕನೇ ಗಡಿಯಾರವನ್ನು ಅವನೇ ಕತ್ತರಿಸಿ, ಅವನೇ ಅಂಟಿಸಿದ. ಅದಾದ ಮೇಲೆ ನಾನು ಕೇಳದೇ ಇದ್ದರೂ ಮಾತು ಬರತೊಡಗಿತು. ಏಪ್ರಿಲ್ ಮಧ್ಯದಲ್ಲಿ ನಾವು ಬಿಸು ಆಚರಿಸುವಾಗಲೇ ನೇಪಾಳಕ್ಕೂ ಹೊಸ ವರ್ಷ. ಶ್ರೀಲಂಕಾಕ್ಕೂ, ಥಾಯ್ಲೆಂಡಿಗೂ ಅದೇ ಹೊತ್ತಿಗೆ.

‘ವಿಚಿತ್ರ’ ಅನ್ನುವ ಪದ

ಮಕ್ಕಳು ಬೇರೆಯವರ ಊಟ, ಬಟ್ಟೆ ನೋಡಿ ‘ಶ್ಶೀ, ವಿಚಿತ್ರ’ ಅಂದೇ ಅನ್ನುತ್ತಾರೆ. ಗದರಬೇಡಿ, ಒಂದು ಕತೆ ಹೇಳಿ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ನಮ್ಮ ಕರಾವಳಿಗೆ ಬಂದ. ಉಳ್ಳಾಲದ ರಾಣಿಯನ್ನೂ ಕಂಡ. ಇಕ್ಕೇರಿಗೆ ಹೋಗುವ ಘಟ್ಟದ ದಾರಿಯಲ್ಲಿ, ಒಂದು ದೇವಸ್ಥಾನದ ಜಗಲಿಯಲ್ಲಿ, ನಾಲ್ಕು ಹುಡುಗರು ರಾಗವಾಗಿ ಹಾಡುತ್ತಾ ನೆಲಕ್ಕೆ ಮರಳು ಹರಡಿ ಬೆರಳಿನಿಂದ ಬರೆದು ಲೆಕ್ಕ ಕಲಿಯುತ್ತಿದ್ದರು. ಅವನಿಗೆ ಅದು ಬಹಳ ವಿಚಿತ್ರವಾಗಿ ಕಂಡಿತು, ಹಾಗೇ ಬರೆದೂ ಇಟ್ಟ. ಇಷ್ಟು ಹೇಳಿ ತಟ್ಟೆಯಲ್ಲಿ ಮರಳು ಹಾಕಿ ಕೊಡಿ, ಮಕ್ಕಳು ಹಾಗೇ ಬರೆಯಲಿ. ‘ಇದರಲ್ಲಿ ವಿಚಿತ್ರ ಏನುಂಟು?’ ಅಂತ ಅವರೇ ಕೇಳುತ್ತಾರೆ.

ವೇಷ ಹಾಕಿಸುವುದು, ಮುಖಕ್ಕೆ ಬಣ್ಣ ಬಳಿಯುವುದು, ‘ಆಫ್ರಿಕಾದವರು’ ಅಂತ ಐವತ್ತಕ್ಕೂ ಜಾಸ್ತಿ ದೇಶಗಳನ್ನು ಒಂದೇ ಮೂಟೆಗೆ ಕಟ್ಟುವುದು, ಇವೆಲ್ಲ ಬೇಡ. ಬಡತನದ ಫೋಟೊಗಳೂ ಬೇಡ, ಈ ವಯಸ್ಸಿಗೆ ಕನಿಕರಕ್ಕಿಂತ ಮೊದಲು ಪರಿಚಯ ಆಗಲಿ. ತಿಂಗಳಿಗೆ ಒಂದೇ ವಸ್ತು. ಮುಂದಿನ ತಿಂಗಳಿಗೆ ಬೇಕಾದರೆ ಬಾಲ್ದಿ, ಚಾವಿ, ಬಟಾಟೆ ತೆಗೆದುಕೊಳ್ಳಿ, ಮೂರೂ ಪೋರ್ಚುಗೀಸರಿಂದ ಬಂದ ಪದಗಳು.

ಉತ್ತರ ಸಿಗದ ಪ್ರಶ್ನೆಗಳಿಗೆ ಬೋರ್ಡಿನ ಮೂಲೆಯಲ್ಲಿ ಜಾಗ ಬಿಡಿ. ನಮ್ಮ ಬೋರ್ಡಿನಲ್ಲಿ ಒಂದು ವಾರ ಇದ್ದ ಪ್ರಶ್ನೆ, ‘ಘಾನಾದ ಮಕ್ಕಳಿಗೆ ಆಟಿ ಉಂಟಾ?’ ಹುಡುಕಿ ನೋಡಿದೆವು. ಅಲ್ಲಿನ ದಕ್ಷಿಣ ಭಾಗದಲ್ಲಿ ಜೂನಿನಲ್ಲಿ ಜೋರು ಮಳೆ. ಆದರೆ ಒವಾರೆ ಆಡಲು ಅವರು ಮಳೆ ಕಾಯುವುದಿಲ್ಲ, ಮರದ ನೆರಳಲ್ಲಿ ಕೂತು ವರ್ಷವಿಡೀ ಆಡುತ್ತಾರೆ. ಅದನ್ನು ಕೇಳಿ ಮೂರನೇ ಕ್ಲಾಸು ಇಡೀ ಹೊಟ್ಟೆಕಿಚ್ಚು ಪಟ್ಟಿತು.