ನಿಕ್ಕೋಗೆ ಒಂದು ದಿನದ ಬಸ್ ಪ್ರವಾಸ: ಹೋಗಿಬರುವುದು ಹೇಗೆ?

ಟೋಕಿಯೊದಲ್ಲಿ ಕೆಲಸ ಮಾಡುವ ಮಕ್ಕಳನ್ನು ನೋಡಲು ಬೆಂಗಳೂರು, ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಾರೆ. ಮಕ್ಕಳಿಗೆ ರಜೆ ಸಿಗುವುದಿಲ್ಲ. ಗೈಡ್ ಇರುವ ಬಸ್ ಟೂರ್ ಬುಕ್ ಮಾಡಿ, ‘ನಿಕ್ಕೋ ನೋಡಿಕೊಂಡು ಬನ್ನಿ’ ಎಂದು ಕಳಿಸುತ್ತಾರೆ. ಒಳ್ಳೆಯ ಯೋಚನೆಯೇ. ದೇಗುಲ, ಘಾಟಿ, ಜಲಪಾತ, ಸರೋವರ ನಾಲ್ಕೂ ಒಂದೇ ದಿನದಲ್ಲಿ ಸಿಗುತ್ತವೆ. ಆದರೆ ಬೆಳಿಗ್ಗೆ ಬಸ್ಸೇ ಸಿಗದೆ ಮನೆಗೆ ವಾಪಸ್ ಬಂದವರನ್ನು, ಹೆದ್ದಾರಿಯ ನಿಲುಗಡೆಯಲ್ಲಿ ಬೇರೆ ಯಾವುದೋ ಬಸ್ ಹತ್ತಿ ಕುಳಿತವರನ್ನು, ಮೂರು ಕೋತಿಗಳ ಫೋಟೊ ತೆಗೆಯುವುದರಲ್ಲೇ ದೇಗುಲದ ಸಮಯ ಮುಗಿಸಿದವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

1. ಟೂರ್ ಆರಿಸುವುದು

ಫೋಟೊ ನೋಡಬೇಡಿ, ವೇಳಾಪಟ್ಟಿ ನೋಡಿ. ನಿಕ್ಕೋ ಇರುವುದು ತೊಚಿಗಿ ಪ್ರಾಂತ್ಯದಲ್ಲಿ, ಟೋಕಿಯೊದಿಂದ ಉತ್ತರಕ್ಕೆ ಸುಮಾರು 140 ಕಿ.ಮೀ. ಬಸ್ಸಿನಲ್ಲಿ ಎರಡೂವರೆಯಿಂದ ಮೂರು ಗಂಟೆ ಬೇಕು. ಅಂದರೆ ಹೋಗಿಬರುವುದಕ್ಕೇ ಐದಾರು ಗಂಟೆ ಹೋಯಿತು. ಉಳಿದ ಹೊತ್ತಿನಲ್ಲಿ ತೋಶೋಗು ದೇಗುಲಕ್ಕೆ ಎಷ್ಟು ನಿಮಿಷ ಕೊಟ್ಟಿದ್ದಾರೆ ಎನ್ನುವುದೇ ಮುಖ್ಯ. 90 ನಿಮಿಷಕ್ಕಿಂತ ಕಡಿಮೆ ಇದ್ದರೆ ಆ ಟೂರ್ ಬೇಡ, ಎಷ್ಟೇ ಅಗ್ಗವಾಗಿರಲಿ. ದೇಗುಲದ ಜೊತೆಗೆ ಹೂತೋಟ, ಹಣ್ಣಿನ ತೋಟ, ಅಂಗಡಿ ಎಲ್ಲವನ್ನೂ ತುರುಕಿದ ಟೂರ್‌ಗಳು ಇರುತ್ತವೆ. ಅವುಗಳಲ್ಲಿ ಯಾವುದನ್ನೂ ಸರಿಯಾಗಿ ನೋಡಲು ಆಗುವುದಿಲ್ಲ.

ದೇಗುಲದ ಟಿಕೆಟ್, ಕೆಗೋನ್ ಜಲಪಾತದ ಲಿಫ್ಟ್ ಟಿಕೆಟ್ ಟೂರ್ ಹಣದಲ್ಲಿ ಸೇರಿದೆಯಾ ಎಂದು ಓದಿಕೊಳ್ಳಿ. ಗೈಡ್ ಇಂಗ್ಲಿಷ್ ಮಾತಾಡುತ್ತಾರಾ ಅನ್ನುವುದನ್ನೂ ನೋಡಿ. ಜಪಾನಿ ಭಾಷೆಯಲ್ಲಿ ಮಾತ್ರ ವಿವರಿಸುವ ಟೂರ್‌ಗಳು ಅಗ್ಗ ಸಿಗುತ್ತವೆ, ಆದರೆ ಇಳಿಯುವಾಗ ಹೇಳಿದ ವಾಪಸ್ ಸಮಯ ಅರ್ಥವಾಗದೆ ಹೋದರೆ ಕಷ್ಟ.

ಯಾವಾಗ ಹೋಗಬೇಕು? ಎಲೆಗಳು ಕೆಂಪಾಗುವುದು ಮೇಲಿನ ಸರೋವರದ ಸುತ್ತ ಅಕ್ಟೋಬರ್ ಎರಡನೇ ಭಾಗದಲ್ಲಿ, ಕೆಳಗೆ ದೇಗುಲದ ಸುತ್ತ ನವೆಂಬರ್ ಮೊದಲ ಎರಡು ವಾರದಲ್ಲಿ. ಅದೇ ಹೊತ್ತಿನಲ್ಲಿ ಘಾಟಿಯ ಟ್ರಾಫಿಕ್ ಕೂಡ ವಿಪರೀತ. ಶನಿವಾರ, ಭಾನುವಾರ ಬಿಟ್ಟುಬಿಡಿ. ನನ್ನನ್ನು ಕೇಳಿದರೆ ಮೇ ತಿಂಗಳ ಕೊನೆಯಲ್ಲಿ, ಶನಿವಾರ ಭಾನುವಾರ ಅಲ್ಲದ ದಿನವೇ ಒಳ್ಳೆಯದು. ಹಸಿರು ಇರುತ್ತದೆ, ಜನ ಕಡಿಮೆ.

2. ಬೆಳಿಗ್ಗೆ ಬಸ್ ಹಿಡಿಯುವುದು

ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹೆಚ್ಚಿನ ಟೂರ್‌ಗಳು ಹೊರಡುವುದು ಶಿಂಜುಕು ಅಥವಾ ಟೋಕಿಯೊ ಸ್ಟೇಷನ್ ಬಳಿಯಿಂದ, ಬೆಳಿಗ್ಗೆ ಏಳು, ಎಂಟು ಗಂಟೆಯ ಹೊತ್ತಿಗೆ. ‘ಶಿಂಜುಕು’ ಎಂದಷ್ಟೇ ತಿಳಿದುಕೊಂಡು ಹೊರಟರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಆ ಸ್ಟೇಷನ್ನಿಗೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ಪ್ರಪಂಚದಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಅದು. ಇಂಗ್ಲಿಷ್ ಬೋರ್ಡ್ ಎಲ್ಲ ಕಡೆ ಇದೆ, ಆದರೆ ಬೋರ್ಡ್ ನೋಡಿಕೊಂಡು ಹೋಗಬೇಕಾದರೆ ಯಾವ ಬಾಗಿಲು ಬೇಕು ಅಂತ ಮೊದಲು ಗೊತ್ತಿರಬೇಕಲ್ವಾ? ಇನ್ನೊಂದು ಗೊಂದಲ: 2016ರಲ್ಲಿ ದಕ್ಷಿಣದ ಕಡೆ ಬಸ್ತಾ ಶಿಂಜುಕು ಎಂಬ ದೊಡ್ಡ ಬಸ್ ಟರ್ಮಿನಲ್ ಶುರುವಾಯಿತು. ಬಸ್ ಅಂದ ತಕ್ಷಣ ಎಲ್ಲರೂ ಅಲ್ಲಿಗೆ ಓಡುತ್ತಾರೆ. ಆದರೆ ಟೂರ್ ಬಸ್‌ಗಳು ಬಹಳಷ್ಟು ಸಲ ನಿಲ್ಲುವುದು ಪಶ್ಚಿಮ ದ್ವಾರದ ಕಡೆ, ಎತ್ತರದ ಕಚೇರಿ ಕಟ್ಟಡಗಳ ಪಕ್ಕದ ರಸ್ತೆಯಲ್ಲಿ. ಬಸ್ತಾದಿಂದ ಅಲ್ಲಿಗೆ ನಡೆಯಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟರಲ್ಲಿ ಬಸ್ ಹೋಗಿರುತ್ತದೆ.

ಟೋಕಿಯೊ ಸ್ಟೇಷನ್ ಸ್ವಲ್ಪ ಸುಲಭ. ಅಲ್ಲಿ ಎರಡೇ ಬದಿ ನೆನಪಿಡಿ. 1914ರ ಕೆಂಪು ಇಟ್ಟಿಗೆ ಕಟ್ಟಡ ಇರುವುದು ಮರುನೊಉಚಿ ಬದಿ, ಅದರ ಹಿಂದುಗಡೆ ಯಾಯೆಸು ಬದಿ. ತಪ್ಪು ಬದಿಯಲ್ಲಿ ಹೊರಗೆ ಬಂದರೆ ಸ್ಟೇಷನ್ ಒಳಗಿಂದ ದಾಟಲು ಮತ್ತೆ ಟಿಕೆಟ್ ಬೇಕು. ಉತ್ತರದ ತುದಿಯಲ್ಲಿ ಟಿಕೆಟ್ ಇಲ್ಲದೆ ದಾಟುವ ಓಣಿ ಇದೆ, ಆದರೆ ಅದನ್ನು ಹುಡುಕಿ ಸುತ್ತಿಬರಲು ಸಮಯ ಹಿಡಿಯುತ್ತದೆ. ಟೋಕಿಯೊದ ಪೂರ್ವದ ನಿಶಿ-ಕಸಾಯ್ ಬಡಾವಣೆ ಕಡೆ ಇರುವ ನಮ್ಮವರಿಗೆ ಒಂದು ಅನುಕೂಲ ಇದೆ. ತೋಜಾಯ್ ಮೆಟ್ರೊ ಲೈನ್ ಹತ್ತಿ ಓತೆಮಾಚಿಯಲ್ಲಿ ಇಳಿದರೆ ನೆಲದಡಿಯ ದಾರಿಯಲ್ಲೇ ಮರುನೊಉಚಿ ಬದಿಗೆ ಬರಬಹುದು. ಹಾಗಾಗಿ ಒಂದೇ ಟೂರ್‌ಗೆ ಎರಡು ಹತ್ತುವ ಜಾಗ ಇದ್ದರೆ ಟೋಕಿಯೊ ಸ್ಟೇಷನ್ನನ್ನೇ ಆರಿಸಿ. ವಯಸ್ಸಾದವರು ಇದ್ದರೆ ಶಿಂಜುಕು ಬೇಡವೇ ಬೇಡ.

ಹಿಂದಿನ ದಿನ ಸಂಜೆ ಸೇರುವ ಜಾಗಕ್ಕೆ ಒಮ್ಮೆ ಹೋಗಿಬನ್ನಿ. ಯಾವ ಬಾಗಿಲಿನಿಂದ ಹೊರಗೆ ಬಂದಿರೋ ಅದರ ಹೆಸರು, ನಂಬರ್ ಫೋಟೊ ತೆಗೆದುಕೊಳ್ಳಿ. ಎದುರಿನ ಕಟ್ಟಡದ ಫೋಟೊ ಕೂಡ. ಇದನ್ನು ಹೇಳಿದರೆ ಎಲ್ಲರೂ ‘ಮ್ಯಾಪ್ ಇದೆಯಲ್ಲ’ ಅನ್ನುತ್ತಾರೆ. ಮೊಬೈಲ್ ಮ್ಯಾಪ್ ನೆಲದಡಿಯಲ್ಲಿ ನಂಬುವಂತಿಲ್ಲ, ನೀಲಿ ಚುಕ್ಕೆ ಎಲ್ಲೋ ಜಿಗಿಯುತ್ತಿರುತ್ತದೆ. ಮೊದಲು ಮೇಲೆ ರಸ್ತೆಗೆ ಬನ್ನಿ, ಆಮೇಲೆ ಮ್ಯಾಪ್ ತೆಗೆಯಿರಿ. ಹಿಂದಿನ ದಿನ ಹೋಗಲು ಆಗದಿದ್ದರೆ ಬೆಳಿಗ್ಗೆ ಟ್ಯಾಕ್ಸಿ ಮಾಡಿ, ಸೇರುವ ಜಾಗದ ವಿಳಾಸವನ್ನು ಜಪಾನಿ ಅಕ್ಷರದಲ್ಲೇ ಡ್ರೈವರ್‌ಗೆ ತೋರಿಸಿ. ಇಂಗ್ಲಿಷಿನ ಕಟ್ಟಡದ ಹೆಸರು ಹೇಳಿದರೆ ಬಹಳ ಸಲ ಅರ್ಥವಾಗುವುದಿಲ್ಲ.

ಬಸ್ ಹೊರಡುವ ಸಮಯಕ್ಕೆ 20 ನಿಮಿಷ ಮೊದಲು ಅಲ್ಲಿರಿ. 7:40 ಎಂದರೆ 7:40ಕ್ಕೆ ಚಕ್ರ ಉರುಳುತ್ತದೆ. ಇನ್ನೊಬ್ಬರು ಬರಬೇಕು, ಎರಡು ನಿಮಿಷ ನಿಲ್ಲಿಸಿ ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ, ಹಣವೂ ವಾಪಸ್ ಬರುವುದಿಲ್ಲ. ಅದೇ ಜಾಗದಿಂದ ಫುಜಿಗೆ, ಹಕೋನೆಗೆ ಹೋಗುವ ಬಸ್‌ಗಳೂ ಹೊರಡುತ್ತವೆ, ಸಾಲು ಸೇರುವ ಮೊದಲು ‘ನಿಕ್ಕೋ?’ ಎಂದು ಕೇಳಿಯೇ ನಿಲ್ಲಿ.

ಬಸ್ ತಪ್ಪಿತೇ? ಅಳುತ್ತಾ ಮನೆಗೆ ಹೋಗಬೇಡಿ. ಬುಕಿಂಗ್ ಚೀಟಿಯಲ್ಲಿ ತುರ್ತು ನಂಬರ್ ಇರುತ್ತದೆ, ಕರೆ ಮಾಡಿ. ನಿಕ್ಕೋದಲ್ಲಿ ಬಂದು ಸೇರಿಕೊಳ್ಳಲು ಅವರು ಒಪ್ಪಿದರೆ ಅಸಾಕುಸದಿಂದ ತೋಬು ರೈಲಿನ ಎಕ್ಸ್‌ಪ್ರೆಸ್ ಹಿಡಿಯಿರಿ. ಎರಡು ಗಂಟೆಯೊಳಗೆ ತೋಬು-ನಿಕ್ಕೋ ಸ್ಟೇಷನ್. ಅಲ್ಲಿಂದ ದೇಗುಲಕ್ಕೆ ಊರಿನ ಬಸ್ ಇದೆ. ಇದಕ್ಕೆ ಫೋನಿನಲ್ಲಿ ಅಲ್ಲಿಯ ಸಿಮ್ ಇರಬೇಕು. ಅಪ್ಪ ಅಮ್ಮನನ್ನು ಬರೀ ವೈಫೈ ನಂಬಿ ಕಳಿಸಬೇಡಿ.

3. ಹೆದ್ದಾರಿಯ ನಿಲುಗಡೆ

ಮಧ್ಯೆ ಒಂದು ಕಡೆ ಸುಮಾರು ಕಾಲು ಗಂಟೆ ನಿಲ್ಲಿಸುತ್ತಾರೆ. ಶೌಚಾಲಯಗಳು ಬಹಳ ಸ್ವಚ್ಛ. ಇಳಿಯುವಾಗಲೇ ನಿಮ್ಮ ಬಸ್ಸಿನ ಮುಂಭಾಗ ಮತ್ತು ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ, ಹೊರಗೆ ಬಂದಾಗ ಒಂದೇ ಥರದ ಬಸ್‌ಗಳು ಸಾಲಾಗಿ ನಿಂತಿರುತ್ತವೆ. ಕಾಫಿ ಯಂತ್ರದ ಮುಂದೆ ಕ್ಯೂ ಇದ್ದರೆ ಬಿಡಿ.

4. ತೋಶೋಗು: ಏನು ಮೊದಲು, ಏನು ಆಮೇಲೆ

ಇಲ್ಲಿ ಪೂಜೆಗೊಳ್ಳುವವರು ಒಬ್ಬ ಆಡಳಿತಗಾರ. ಜಪಾನನ್ನು ಒಂದು ಕೈಕೆಳಗೆ ತಂದ ಶೋಗುನ್ (ಸೇನಾ ಆಡಳಿತಗಾರ) ತೊಕುಗವಾ ಇಯೆಯಸು 1616ರಲ್ಲಿ ತೀರಿಕೊಂಡರು. ಮರುವರ್ಷ ಇಲ್ಲಿ ದೇಗುಲವಾಯಿತು. ಈಗ ನಾವು ನೋಡುವ ಬಣ್ಣ, ಚಿನ್ನ, ಕೆತ್ತನೆಯ ವೈಭವ ಬಹುಪಾಲು 1636ರಲ್ಲಿ ಮೊಮ್ಮಗ ಇಯೆಮಿತ್ಸು ಮಾಡಿಸಿದ್ದು. ಪಕ್ಕದ ಫುತರಸನ್ ದೇಗುಲ, ರಿನ್ನೋಜಿ ಬೌದ್ಧ ದೇವಾಲಯವೂ ಸೇರಿ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಇಷ್ಟನ್ನು ಬಸ್ಸಿನಲ್ಲೇ ತಿಳಿದುಕೊಂಡಿದ್ದರೆ ಗೈಡ್ ಮಾತು ಬೇಗ ಹಿಡಿಯುತ್ತದೆ.

ಕಲ್ಲಿನ ದೊಡ್ಡ ತೋರಿ ದ್ವಾರದ ಕೆಳಗೆ ನಡುವೆ ನಡೆಯಬೇಡಿ, ಒಂದು ಬದಿಗೆ ಬನ್ನಿ. ನಡುವಿನ ದಾರಿ ದೇವರದು ಎನ್ನುವುದು ಅಲ್ಲಿಯ ನಂಬಿಕೆ. ಒಳಗೆ ನೀರಿನ ತೊಟ್ಟಿ ಇದೆ. ಅದು ಕಾಲು ತೊಳೆಯುವ ಜಾಗವಲ್ಲ, ದಯವಿಟ್ಟು. ಸೌಟು ಇಟ್ಟಿದ್ದರೆ ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯಿರಿ, ಕೈ ಬದಲಿಸಿ ಬಲಗೈ ತೊಳೆಯಿರಿ. ಬೊಗಸೆಯ ನೀರಿನಿಂದ ಬಾಯಿ ಮುಕ್ಕಳಿಸಿ ಪಕ್ಕಕ್ಕೆ ಬಿಡಿ, ಸೌಟನ್ನು ಬಾಯಿಗೆ ತಾಗಿಸಬೇಡಿ. ದೇವರ ಮುಂದೆ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ, ಮತ್ತೊಮ್ಮೆ ಬಾಗಿ. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಇಲ್ಲ, ಕೈ ಮುಗಿದರೆ ಸಾಕು.

ಮೊದಲು ಎದುರಾಗುವುದು ಕುದುರೆ ಲಾಯ. ಅದರ ಮೇಲೆಯೇ ಕೆಟ್ಟದ್ದನ್ನು ನೋಡದ, ಕೇಳದ, ಆಡದ ಮೂರು ಕೋತಿಗಳು. ಕೋತಿ ಕುದುರೆಯನ್ನು ಕಾಯುತ್ತದೆ ಎಂಬ ನಂಬಿಕೆಯಿಂದ ಅವು ಲಾಯದ ಮೇಲೆ ಬಂದಿವೆ. ಎಲ್ಲರೂ ಅಲ್ಲಿ ಮುತ್ತಿಕೊಂಡು ಫೋಟೊಗೆ ನಿಲ್ಲುತ್ತಾರೆ. ನೀವು ಎರಡು ನಿಮಿಷ ನೋಡಿ ಮುಂದೆ ಹೋಗಿ, ಆದರೆ ಸಾಲಿನ ಎಲ್ಲ ಎಂಟು ಫಲಕ ನೋಡಿ, ಅವು ಸೇರಿ ಒಂದು ಬದುಕಿನ ಕತೆ. ತಲೆ ತಿರುಗಿಸಿದರೆ ಎದುರಿನ ಉಗ್ರಾಣದ ಮೇಲ್ಭಾಗದಲ್ಲಿ ಎರಡು ಆನೆಗಳಿವೆ. ಆನೆಯನ್ನೇ ನೋಡದ ಚಿತ್ರಕಾರ ಕನೋ ತನ್ಯು ಬರೆದ ನಕ್ಷೆಯಂತೆ ಕೆತ್ತಿದವು. ಆನೆಯನ್ನು ಹತ್ತಿರದಿಂದ ಬಲ್ಲ ನಮ್ಮೂರಿನವರು ಅವುಗಳ ಕಿವಿ, ಬಾಲವನ್ನು ನಿಂತು ನೋಡಲೇಬೇಕು. ಕೇಳಿದ್ದನ್ನಷ್ಟೇ ನಂಬಿ ಇಷ್ಟು ಜೀವಂತವಾಗಿ ಮಾಡಿದ್ದಾರಲ್ಲ ಅನ್ನಿಸುತ್ತದೆ.

ಮೆಟ್ಟಿಲು ಹತ್ತಿದರೆ ಯೋಮೆಯ್‌ಮೋನ್ ದ್ವಾರ. 500ಕ್ಕೂ ಹೆಚ್ಚು ಕೆತ್ತನೆಗಳಿವೆ. ಅದರ ಕಂಬಗಳಲ್ಲಿ ಒಂದರ ವಿನ್ಯಾಸ ಮಾತ್ರ ಬೇಕೆಂದೇ ತಲೆಕೆಳಗು. ಪೂರ್ತಿಯಾದದ್ದು ಆಮೇಲೆ ಕೆಡಲು ಶುರುವಾಗುತ್ತದೆ ಎಂದು ಹಾಗೆ ಬಿಟ್ಟರಂತೆ. ಅದನ್ನು ಗೈಡ್ ಹತ್ತಿರ ಕೇಳಿ ಹುಡುಕಿ.

ಇಲ್ಲಿಂದ ಮುಂದೆ ನಿಮ್ಮ ಕಾಲು ನೋಡಿಕೊಂಡು ನಿರ್ಧರಿಸಿ. ಬಲಗಡೆ ಮಲಗಿದ ಬೆಕ್ಕಿನ ಚಿಕ್ಕ ಕೆತ್ತನೆ, ಅದನ್ನು ದಾಟಿ ಇಯೆಯಸು ಸಮಾಧಿಗೆ 207 ಕಲ್ಲು ಮೆಟ್ಟಿಲು. ಮಂಡಿ ನೋವಿದ್ದರೆ ಬೆಕ್ಕು ನೋಡಿ ವಾಪಸ್ ಬನ್ನಿ, ಹಾಗೆ ಬರುವಾಗ ಅದರ ಹಿಂಬದಿ ಆಡುತ್ತಿರುವ ಗುಬ್ಬಚ್ಚಿಗಳನ್ನು ನೋಡಿ. ಹತ್ತುವ ಶಕ್ತಿ ಇದ್ದರೆ ಮೊದಲು ಹತ್ತಿಬನ್ನಿ. ಆ ದೇವದಾರು ಮರಗಳ ನಡುವಿನ ಮೌನ ಕೆಳಗಿನ ಚಿನ್ನಕ್ಕಿಂತ ಹೆಚ್ಚು ಎನ್ನುವುದು ನನ್ನ ಅಭಿಪ್ರಾಯ. ಆಮೇಲೆ ಹೊಂಜಿದೋ ಸಭಾಂಗಣ. ಚಾವಣಿಯ ಮೇಲೆ ದೊಡ್ಡ ಡ್ರ್ಯಾಗನ್ ಚಿತ್ರ ಇದೆ. ಅದರ ತಲೆಯ ಕೆಳಗೆ ಮರದ ತುಂಡುಗಳನ್ನು ತಟ್ಟಿದರೆ ಗಂಟೆಯಂಥ ನಾದ ಹೊರಡುತ್ತದೆ, ಪಕ್ಕಕ್ಕೆ ಸರಿದು ತಟ್ಟಿದರೆ ಇಲ್ಲ. ಅಲ್ಲಿಯವರೇ ತಟ್ಟಿ ತೋರಿಸುತ್ತಾರೆ. ಒಳಗೆ ಫೋಟೊ ಇಲ್ಲ.

ಚಪ್ಪಲಿ ಅಥವಾ ಸುಲಭವಾಗಿ ಬಿಚ್ಚುವ ಶೂ ಹಾಕಿ, ಹೊಂಜಿದೋದಲ್ಲೂ ಮುಖ್ಯ ದೇಗುಲದಲ್ಲೂ ಬಿಚ್ಚಬೇಕು. ಸಾಕ್ಸ್ ಇರಲಿ, ನೆಲ ಮಂಜುಗಡ್ಡೆ ಥರ. ಅಂಗಳದಲ್ಲಿ ಜಲ್ಲಿಕಲ್ಲು ಹಾಸಿದೆ, ಮಗುವಿನ ತಳ್ಳುಗಾಡಿ, ವೀಲ್‌ಚೇರ್ ಕಷ್ಟ.

5. ಊಟ

ಸಸ್ಯಾಹಾರಿಗಳು ‘ಊಟ ಸೇರಿದೆ’ ಎನ್ನುವ ಟೂರ್ ತೆಗೆದುಕೊಳ್ಳಬೇಡಿ. ನಿಕ್ಕೋದ ಹೆಸರಾಂತ ತಿನಿಸು ಯುಬಾ, ಅಂದರೆ ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆ. ಕೇಳಲು ಶುದ್ಧ ಸಸ್ಯಾಹಾರ. ಆದರೆ ಅದನ್ನು ಬೇಯಿಸುವ, ಅದರ ಜೊತೆ ಕೊಡುವ ಸಾರು ಬಹುಪಾಲು ದಾಶಿ, ಒಣಗಿಸಿದ ಮೀನಿನಿಂದ ತೆಗೆದದ್ದು. ‘ಮಾಂಸ ಬೇಡ’ ಎಂದರೆ ಮೀನಿನ ಸಾರು ಬೇಡ ಎಂದು ಅವರಿಗೆ ಹೊಳೆಯುವುದಿಲ್ಲ. ಬೆಳಿಗ್ಗೆ ಚಪಾತಿ, ಪಲ್ಯ ಅಥವಾ ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಜೋರಾಗಿ ವಾಸನೆ ಬರುವಂಥದ್ದು ಬೇಡ, ಬಸ್ ಒಳಗೆ ತೆಗೆಯದೆ ಸರೋವರದ ದಡದ ಬೆಂಚಿನಲ್ಲಿ ತಿನ್ನಿ. ಕಸದ ಬುಟ್ಟಿ ಎಲ್ಲೂ ಸಿಗುವುದಿಲ್ಲ, ಒಂದು ಕವರ್ ಇಟ್ಟುಕೊಳ್ಳಿ. ಮೀನು ತಿನ್ನುವವರು ಯುಬಾ ತಿನ್ನದೆ ಬರಬೇಡಿ.

6. ಘಾಟಿ, ಜಲಪಾತ, ಸರೋವರ

ಇರೋಹಾಜಕಾ ಘಾಟಿಗೆ ಒಟ್ಟು 48 ತಿರುವು. ಹತ್ತಲು ಒಂದು ರಸ್ತೆ, ಇಳಿಯಲು ಇನ್ನೊಂದು. ಹತ್ತುವಾಗ 20, ಇಳಿಯುವಾಗ 28. ಆಗುಂಬೆಯ 14 ತಿರುವುಗಳಲ್ಲಿ ಹೊಟ್ಟೆ ತೊಳಸುವವರು ವಾಂತಿಯ ಮಾತ್ರೆಯನ್ನು ಘಾಟಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಿ. ಮುಂದಿನ ಸೀಟು ಕೇಳಿ ಪಡೆಯಿರಿ. ಜಾಸ್ತಿ ಕಷ್ಟ ಆಗುವುದು ಇಳಿಯುವಾಗಲೇ, ಊಟ ಹಿತವಾಗಿರಲಿ.

ಮೇಲೆ ಚುಜೆಂಜಿ ಸರೋವರ, ಸಮುದ್ರಮಟ್ಟದಿಂದ 1269 ಮೀಟರ್. ಟೋಕಿಯೊಗಿಂತ ಏಳೆಂಟು ಡಿಗ್ರಿ ತಂಪು. ಸ್ವೆಟರ್ ಬಸ್ಸಿನಲ್ಲಿ ಬಿಟ್ಟು ಇಳಿಯಬೇಡಿ. ಪಕ್ಕದ 2486 ಮೀಟರ್ ಎತ್ತರದ ನಂತಾಯ್ ಜ್ವಾಲಾಮುಖಿ ಉಗುಳಿದ ಲಾವಾ ಕಣಿವೆಗೆ ಅಡ್ಡ ಬಂದು ಈ ಸರೋವರವಾಯಿತು. ಅದರ ನೀರೇ 97 ಮೀಟರ್ ಕೆಳಗೆ ಬಿದ್ದು ಕೆಗೋನ್ ಜಲಪಾತ. ಮೇಲಿನಿಂದ ಪುಕ್ಕಟೆ ನೋಡಬಹುದು, ಆದರೆ ಬಂಡೆಯೊಳಗಿನ ಲಿಫ್ಟಿನಲ್ಲಿ ಕೆಳಗಿಳಿದು ನೋಡಿ. ನೀರು ಬೀಳುವ ಸದ್ದು ಎದೆಗೆ ತಾಗುವುದು ಅಲ್ಲೇ. ಮಂಜು ಕವಿದಿದ್ದರೆ ಮಾತ್ರ ಟಿಕೆಟ್ ತೆಗೆದುಕೊಳ್ಳುವ ಮೊದಲು ಕೆಳಗೆ ಕಾಣುತ್ತಿದೆಯಾ ಎಂದು ಗೈಡ್ ಹತ್ತಿರ ಕೇಳಿಸಿ. ಕೈಯಲ್ಲಿ ನಗದು ಯೆನ್ ಇರಲಿ.

7. ವಾಪಸ್

ಸಂಜೆ ಹೆದ್ದಾರಿಯಲ್ಲಿ ವಾಹನ ಸಾಲುಗಟ್ಟಿದರೆ ಒಂದೆರಡು ಗಂಟೆ ತಡವಾಗಬಹುದು. ಅದೇ ರಾತ್ರಿ ವಿಮಾನ ಇಟ್ಟುಕೊಳ್ಳಬೇಡಿ. ಗೈಡ್‌ಗೆ, ಡ್ರೈವರ್‌ಗೆ ಟಿಪ್ಸ್ ಕೊಡುವ ರೂಢಿ ಜಪಾನಿನಲ್ಲಿ ಇಲ್ಲ, ಧನ್ಯವಾದ ಹೇಳಿದರೆ ಸಾಕು. ಮಕ್ಕಳಿಗೆ ಒಂದು ಮಾತು: ಇಳಿಸುವ ಜಾಗ ಹತ್ತಿದ ಜಾಗವೇ ಆಗಿರಬೇಕೆಂದಿಲ್ಲ. ಟೋಕಿಯೊ ಸ್ಟೇಷನ್ನಲ್ಲಿ ಹತ್ತಿಸಿ ಸಂಜೆ ಶಿಂಜುಕುದಲ್ಲಿ ಇಳಿಸುವ ಟೂರ್‌ಗಳಿವೆ. ಬುಕಿಂಗ್ ಚೀಟಿಯಲ್ಲಿ ಅದನ್ನು ಓದಿಕೊಂಡು, ಕತ್ತಲಾದ ಮೇಲೆ ಅಪ್ಪ ಅಮ್ಮ ಇಳಿಯುವ ಕಡೆ ನೀವೇ ಹೋಗಿ ನಿಂತಿರಿ.