ಸಹಕರಿಸದ ಸಹೋದ್ಯೋಗಿಯೊಡನೆ ಕೆಲಸ ಸಾಗಿಸಿದ ಬಗೆ: ನನ್ನ ಅನುಭವ

ನಾನು ಲೆಕ್ಕಪತ್ರ ವಿಭಾಗದಲ್ಲಿ ಸರಬರಾಜುದಾರರ ಬಿಲ್ಲುಗಳನ್ನು ನೋಡಿಕೊಳ್ಳುತ್ತೇನೆ. ಒಂದು ಬಿಲ್ಲಿನ ಹಣ ಪಾವತಿಯಾಗಬೇಕಾದರೆ ಖರೀದಿ ಆದೇಶ, ಸರಕು ಬಂದು ಸೇರಿದ್ದಕ್ಕೆ ಸ್ಟೋರ್ಸ್ ವಿಭಾಗದವರು ಮಾಡುವ ಸ್ವೀಕೃತಿ ದಾಖಲೆಯಾದ ಜಿಆರ್‌ಎನ್ ಮತ್ತು ಸರಬರಾಜುದಾರರ ಬಿಲ್ಲು, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಮೊದಲನೆಯದೂ ಮೂರನೆಯದೂ ಸಕಾಲಕ್ಕೆ ನನ್ನ ಕೈ ಸೇರುತ್ತಿದ್ದವು. ಎರಡನೆಯದು ಮಾತ್ರ ಸ್ಟೋರ್ಸ್‌ನ ಹಿರಿಯ ಸಹೋದ್ಯೋಗಿಯೊಬ್ಬರ ಮೇಜಿನ ಮೇಲೆ ನಿಂತುಬಿಡುತ್ತಿತ್ತು. ಕೇಳಿದಾಗಲೆಲ್ಲ ಅವರು ‘ನೋಡಿ ಹೇಳುತ್ತೇನೆ’ ಎನ್ನುತ್ತಿದ್ದರು. ಸಭೆಯಲ್ಲಿ ಎಲ್ಲದಕ್ಕೂ ತಲೆಯಾಡಿಸಿ, ತಿಂಗಳ ಲೆಕ್ಕ ಮುಗಿಸುವ ಹೊತ್ತಿಗೆ ಫೋನ್ ಎತ್ತುತ್ತಿರಲಿಲ್ಲ.

ಅವರ ಸ್ವಭಾವವೇ ಹಾಗೆ, ಯಾರಿಗೂ ಸಹಕರಿಸುವವರಲ್ಲ ಎಂಬ ಮಾತು ಕಚೇರಿಯಲ್ಲಿ ಆಗಲೇ ಹರಡಿತ್ತು. ಇತರರ ನಡತೆಗೆ ಅವರ ಗುಣವೇ ಕಾರಣವೆಂದು ಭಾವಿಸಿ, ಅವರ ಮೇಲಿರುವ ಸಂದರ್ಭದ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಒಲವು ನಮ್ಮೆಲ್ಲರಲ್ಲೂ ಇದೆ. ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಇದಕ್ಕೆ ‘ಮೂಲಭೂತ ಆರೋಪಣಾ ದೋಷ’ ಎಂಬರ್ಥದ ಹೆಸರನ್ನೇ ಕೊಟ್ಟರು. ಸ್ವಭಾವವೇ ಕಾರಣವೆಂದು ಒಪ್ಪಿಕೊಂಡುಬಿಟ್ಟರೆ ನನ್ನ ಕೈಯಲ್ಲಿ ಮಾಡಲು ಏನೂ ಉಳಿಯುತ್ತಿರಲಿಲ್ಲ. ಒಬ್ಬರ ಸ್ವಭಾವವನ್ನು ತಿದ್ದುವ ಅಧಿಕಾರ ನನಗಿರಲಿಲ್ಲ, ಆದರೆ ಕೆಲಸ ನಿಖರವಾಗಿ ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆದ್ದರಿಂದ ಒಂದು ಪಟ್ಟಿ ಇಡತೊಡಗಿದೆ. ಅವರು ಆಡಿದ ಮಾತು, ತೋರಿದ ಮುಖಭಾವ ಯಾವುದೂ ಅದರಲ್ಲಿರಲಿಲ್ಲ. ಸರಕು ಗೇಟಿಗೆ ಬಂದ ದಿನ, ಜಿಆರ್‌ಎನ್ ಆದ ದಿನ, ಬಿಲ್ಲು ಬಂದ ದಿನ, ತಡವಾದುದರಿಂದ ಆದ ಪರಿಣಾಮ, ಇಷ್ಟೇ. ಇಂಥ ಪಟ್ಟಿಯನ್ನು ಯಾರ ಮೇಲೂ ದೂರು ಕೊಡುವ ಉದ್ದೇಶದಿಂದ ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದೂರಿನ ಉದ್ದೇಶವಿದ್ದರೆ ನಮಗೆ ಬೇಕಾದ ಸಾಲುಗಳು ಮಾತ್ರ ಅದರಲ್ಲಿ ಸೇರುತ್ತವೆ. ನಾನು ಸಕಾಲಕ್ಕೆ ಬಂದವುಗಳನ್ನೂ ಬರೆದಿಟ್ಟುಕೊಂಡೆ, ಮತ್ತು ವಿಷಯ ಬಯಲಾದದ್ದು ಅವುಗಳಿಂದಲೇ. ಆದೇಶಿಸಿದಷ್ಟೂ ಸರಕು ಒಮ್ಮೆಗೇ ಬಂದಾಗ ಅವರ ಜಿಆರ್‌ಎನ್ ಅಂದೇ ಅಥವಾ ಮರುದಿನವೇ ಆಗುತ್ತಿತ್ತು. ಸರಕು ಕಂತುಗಳಲ್ಲಿ ಬಂದಾಗ ಮಾತ್ರ, ಕೊನೆಯ ಕಂತು ಬರುವವರೆಗೂ ಅವರು ಯಾವುದನ್ನೂ ಎಂಟ್ರಿ ಮಾಡುತ್ತಿರಲಿಲ್ಲ.

ಇದನ್ನು ಹಿಡಿದುಕೊಂಡು ಅವರೊಡನೆ ಮಾತನಾಡಲು ತಿಂಗಳ ನಡುವಿನ ಒಂದು ದಿನವನ್ನು ಆರಿಸಿಕೊಂಡೆ. ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಇಬ್ಬರಿಗೂ ಕೇಳಿಸಿಕೊಳ್ಳುವ ವ್ಯವಧಾನ ಇರುವುದಿಲ್ಲ. ಮೇಲಧಿಕಾರಿಯನ್ನು ಸಿಸಿಯಲ್ಲಿ ಸೇರಿಸಿ ಮೇಲ್ ಕಳಿಸುವಂತೆ ಕೆಲವರು ಹೇಳಿದ್ದರು. ಹಾಗೆ ಮಾಡಿದರೆ ಅವರು ಉತ್ತರ ಬರೆಯುವುದು ನನಗಲ್ಲ, ಮೇಲಧಿಕಾರಿಗೆ. ಆ ಉತ್ತರದಲ್ಲಿ ಸಮರ್ಥನೆ ಇರುತ್ತದೆಯೇ ಹೊರತು ಕಾರಣ ಇರುವುದಿಲ್ಲ. ಹಾಗಾಗಿ ನಾನೊಬ್ಬನೇ ಅವರ ಜಾಗಕ್ಕೆ ಹೋದೆ. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ ರೂಪಿಸಿದ ಒಂದು ಕ್ರಮ ತರಬೇತಿಗಳಲ್ಲಿ ಬಹಳ ಬಳಕೆಯಲ್ಲಿದೆ. ಮೊದಲು ಸಂದರ್ಭ, ಅನಂತರ ಕಣ್ಣಿಗೆ ಕಂಡ ನಡೆ, ಆಮೇಲೆ ಅದರ ಪರಿಣಾಮ, ಈ ಮೂರನ್ನೇ ಹೇಳಿ, ಉದ್ದೇಶವನ್ನು ಊಹಿಸಿ ಹೇಳದೆ ನಿಲ್ಲಿಸಬೇಕು. ನಾನು ಹೇಳಿದ್ದು ಹೀಗೆ: ‘ಸರ್, ಕಳೆದ ತಿಂಗಳು ಎರಡು ಕಂತುಗಳಲ್ಲಿ ಬಂದ ಸರಕಿನಲ್ಲಿ ಮೊದಲ ಕಂತಿಗೆ ಜಿಆರ್‌ಎನ್ ಆಗಿರಲಿಲ್ಲ. ಬಿಲ್ಲು ಮಾತ್ರ ಬಂದಿತ್ತು. ತಾಳೆ ನೋಡಲು ದಾಖಲೆ ಇಲ್ಲದೆ ನಾನು ಅಂದಾಜಿನ ಮೇಲೆ ಪ್ರಾವಿಷನ್ ಹಾಕಿ, ಅಂದರೆ ಖರ್ಚನ್ನು ತಾತ್ಕಾಲಿಕವಾಗಿ ಲೆಕ್ಕಕ್ಕೆ ಸೇರಿಸಿ, ಮುಂದಿನ ತಿಂಗಳು ಅದನ್ನು ರಿವರ್ಸ್ ಮಾಡಿ ತೆಗೆಯಬೇಕಾಯಿತು. ಸರಬರಾಜುದಾರರ ಹಣವೂ ಅಲ್ಲಿಯವರೆಗೆ ನಿಂತಿತು.’

ಅಷ್ಟು ಹೇಳಿ ಸುಮ್ಮನಾದೆ. ಈ ಕ್ರಮದಲ್ಲಿ ನಿಜಕ್ಕೂ ಕಷ್ಟವಾದದ್ದು ಈ ಸುಮ್ಮನಿರುವುದು. ಅವರು ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದರು, ಆಮೇಲೆ ಡ್ರಾಯರಿನಿಂದ ಒಂದು ಮುದ್ರಿತ ಹಾಳೆಯನ್ನು ತೆಗೆದು ನನ್ನ ಮುಂದಿಟ್ಟರು. ಅದು ಪ್ರತಿ ತಿಂಗಳು ಆಡಳಿತದವರಿಗೆ ಹೋಗುವ ಬಾಕಿ ಪಟ್ಟಿ. ಒಂದು ಕಂತಿಗೆ ಜಿಆರ್‌ಎನ್ ಮಾಡಿದ ಕೂಡಲೇ, ಇನ್ನೂ ಬರಬೇಕಾದ ಪ್ರಮಾಣವೆಲ್ಲ ಆ ಪಟ್ಟಿಯಲ್ಲಿ ‘ಸ್ಟೋರ್ಸ್ ಬಾಕಿ’ ಎಂಬ ಶೀರ್ಷಿಕೆಯ ಕೆಳಗೆ ಬರುತ್ತಿತ್ತು. ‘ತಡ ಮಾಡುವವರು ಸಪ್ಲೈಯರು. ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳುವವನು ನಾನು’ ಎಂದರು.

ನನಗೆ ಆ ಕ್ಷಣ ಅವರ ಬಗ್ಗೆ ಗೌರವ ಹುಟ್ಟಿತು. ಎಂಟ್ರಿ ಮಾಡದಿದ್ದರೆ ಪ್ರಶ್ನೆಯಿಲ್ಲ, ಮಾಡಿದರೆ ಪ್ರಶ್ನೆಗಳ ಮಳೆ ಎಂಬ ವ್ಯವಸ್ಥೆಯಲ್ಲಿ ಯಾರೇ ಕುಳಿತಿದ್ದರೂ ಹಾಗೆಯೇ ನಡೆದುಕೊಳ್ಳುತ್ತಿದ್ದರೇನೋ. ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಕುರಿತು 1996ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಯಿತು. ಹೆಚ್ಚು ತಪ್ಪುಗಳು ದಾಖಲಾಗಿದ್ದುದು ಕೆಟ್ಟ ತಂಡಗಳಲ್ಲಲ್ಲ, ತಪ್ಪನ್ನು ಅಂಜದೆ ಹೇಳಿಕೊಳ್ಳಬಹುದಾದ ತಂಡಗಳಲ್ಲಿ. ಹೇಳಿದವರನ್ನು ದಂಡಿಸುವ ಕಡೆ ಮಾಹಿತಿ ಅಡಗಿಕೊಳ್ಳುತ್ತಿತ್ತು. ನಾನು ನಮ್ಮ ವ್ಯವಸ್ಥಾಪಕರಲ್ಲಿ ಮಾತನಾಡಿ, ಆ ಪಟ್ಟಿಯಲ್ಲಿ ಬಾಕಿಯನ್ನು ಆಯಾ ಸರಬರಾಜುದಾರರ ಹೆಸರಿನಲ್ಲಿ ತೋರಿಸುವಂತೆ ಬದಲಾವಣೆ ಮಾಡಿಸಿದೆ. ಕಂತಿನ ಜಿಆರ್‌ಎನ್‌ಗಳು ಅನಂತರ ತಾವಾಗಿಯೇ ಬರತೊಡಗಿದವು.

ಆದರೆ ಎಲ್ಲವೂ ಹೀಗೆ ಸರಿಹೋಗಲಿಲ್ಲ. ತಿರಸ್ಕರಿಸಿ ಹಿಂದಿರುಗಿಸಿದ ಸರಕಿನ ವಿವರವನ್ನು ಕೊಡುವುದರಲ್ಲಿ ಅವರ ಹಳೆಯ ರೀತಿಯೇ ಮುಂದುವರಿಯಿತು. ಆ ವಿವರವಿಲ್ಲದೆ ನಾನು ಸರಬರಾಜುದಾರರ ಲೆಕ್ಕದಿಂದ ಅದರ ಮೊತ್ತ ಕಳೆಯುವ ಡೆಬಿಟ್ ನೋಟ್ ಮಾಡುವಂತಿರಲಿಲ್ಲ, ಅದಿಲ್ಲದಿದ್ದರೆ ಹಿಂದಿರುಗಿಸಿದ ಸರಕಿಗೂ ಹಣ ಹೋಗುವ ಅಪಾಯವಿತ್ತು. ಇಲ್ಲಿ ಯಾವ ಕಾರಣವೂ ನನಗೆ ಕಾಣಲಿಲ್ಲ, ಕೇಳಿದರೂ ಅವರು ಹೇಳಲಿಲ್ಲ. ಹಣದ ವಿಷಯದಲ್ಲಿ ಇನ್ನಷ್ಟು ಕಾಯುವುದು ಸರಿಯಲ್ಲವೆಂದು ನಿರ್ಧರಿಸಿ, ಮೊದಲು ಅವರಿಗೇ ತಿಳಿಸಿದೆ: ‘ಸರ್, ಇದನ್ನು ನಾಳೆ ವ್ಯವಸ್ಥಾಪಕರ ಮುಂದಿಡುತ್ತಿದ್ದೇನೆ. ಬರೆದಿರುವುದನ್ನು ನೀವು ಮೊದಲು ಓದಿ.’ ಒಂದೇ ಪುಟದ ಆ ಟಿಪ್ಪಣಿಯಲ್ಲಿ ದಿನಾಂಕ, ಮೊತ್ತ, ಎದುರಾಗಬಹುದಾದ ನಷ್ಟ ಮತ್ತು ನನ್ನ ಕೋರಿಕೆ ಮಾತ್ರ ಇದ್ದವು. ‘ಬೇಜವಾಬ್ದಾರಿ’, ‘ಉದ್ದೇಶಪೂರ್ವಕ’ ಎಂಬಂಥ ಪದಗಳನ್ನು ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ, ಏಕೆಂದರೆ ಅಂಥ ಒಂದು ಪದವಿದ್ದರೂ ಚರ್ಚೆಯೆಲ್ಲ ಆ ಪದದ ಸುತ್ತಲೇ ಮುಗಿದುಹೋಗುತ್ತದೆ. ವ್ಯವಸ್ಥಾಪಕರು ಎರಡೂ ವಿಭಾಗದವರನ್ನು ಕೂರಿಸಿಕೊಂಡು, ಹಿಂದಿರುಗಿಸಿದ ಸರಕಿನ ವಿವರಕ್ಕೆ ತಿಂಗಳ ಒಂದು ಕಡೆಯ ದಿನಾಂಕವನ್ನು ಗೊತ್ತುಮಾಡಿದರು. ಕೆಲ ಕಾಲ ಆ ಸಹೋದ್ಯೋಗಿ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತನಾಡಿದರು. ಅದರಿಂದ ನನಗೆ ನೋವಾದದ್ದು ನಿಜ, ಆದರೂ ಟಿಪ್ಪಣಿ ಬರೆದದ್ದು ತಪ್ಪೆಂದು ಅನ್ನಿಸಲಿಲ್ಲ.

ಅವಮಾನಿಸುವುದು, ಬೆದರಿಸುವುದು, ಕಿರುಕುಳ ಕೊಡುವುದು ಇವುಗಳಿಗೆ ಇಲ್ಲಿ ಹೇಳಿದ ಯಾವ ತಾಳ್ಮೆಯ ಕ್ರಮವೂ ಅನ್ವಯಿಸುವುದಿಲ್ಲ. ಅವನ್ನು ತಡಮಾಡದೆ ಲಿಖಿತವಾಗಿ ಮಾನವ ಸಂಪನ್ಮೂಲ ವಿಭಾಗಕ್ಕೇ ತಿಳಿಸಬೇಕು. ಸಹಕಾರವಿಲ್ಲದ ಕಡೆ ನಾನು ಕೊನೆಯದಾಗಿ ಮಾಡಿಕೊಂಡ ಏರ್ಪಾಡು ಬಹಳ ಸರಳವಾದುದು. ಸ್ಟೋರ್ಸ್‌ನ ದಾಖಲೆಗಳನ್ನು ತಿದ್ದುವಂತಿಲ್ಲದೆ ನೋಡಲಷ್ಟೇ ಸಾಧ್ಯವಾಗುವ ಲಾಗಿನ್ ಒಂದನ್ನು ಕೇಳಿ ಪಡೆದೆ. ಅದು ಬಂದ ಮೇಲೆ ಅವರಿಗೆ ನಾನು ಮಾಡುತ್ತಿದ್ದ ಫೋನ್ ಕರೆಗಳಲ್ಲಿ ಹೆಚ್ಚಿನವು ಬೇಕಾಗಲೇ ಇಲ್ಲ, ಮತ್ತು ಮಾಡಲೇಬೇಕಾದ ಕರೆಗಳನ್ನು ಅವರು ಈಗ ಎತ್ತುತ್ತಾರೆ.